ದೇವರಾಯಸಮುದ್ರ ಕೋಡಿ ಬಿದ್ದ ವರ್ಷದ ದೋಣಿ

ಹೊಸ ಪೆಟ್ರೋಲು ಮೂಗಿಗೆ ಚುಚ್ಚುತ್ತದೆ. ವರ್ಷಗಟ್ಟಲೆ ನಿಂತ ಪೆಟ್ರೋಲು ಹಾಗಲ್ಲ, ಹಳೇ ವಾರ್ನಿಷ್ ಡಬ್ಬಿ ತೆರೆದಂತೆ ಹುಳಿಹುಳಿಯಾಗಿ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಇಂಜಿನ್ ಕೊಳ್ಳಲು ಹೋದವರು ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಮೂಸಬೇಕು, ಆಮೇಲೆ ಮಾತಿಗೆ ಕೂರಬೇಕು. ಮಾರುವವನು ಏನು ಬೇಕಾದರೂ ಹೇಳುತ್ತಾನೆ. ಟ್ಯಾಂಕು ಇದ್ದದ್ದು ಹೇಳುತ್ತದೆ.

ಹೋದ ತಿಂಗಳು ಲಕ್ಷ್ಮಮ್ಮತ್ತೆಯ ಹನ್ನೊಂದನೇ ದಿನದ ಊಟಕ್ಕೆ ದೇವರಾಯಸಮುದ್ರಕ್ಕೆ ಹೋಗಿದ್ದೆ. ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆ ಹುಳಿ ವಾಸನೆ ಬಂತು. ಶೀಟಿನ ಶೆಡ್ಡಿನೊಳಗೆ, ಹರಿದ ಬಲೆಗಳ ಪಕ್ಕದಲ್ಲಿ, ಕೆಂಪು ಬಣ್ಣದ ಪೆಟ್ರೋಲ್ ಟ್ಯಾಂಕು ಕೂತಿತ್ತು. ನಮ್ಮ ದೋಣಿಯದು. ನಾನು ಒದ್ದೆ ಕೈಯಲ್ಲೇ ಅಲ್ಲಿದ್ದ ಕಲ್ಲಿನ ಮೇಲೆ ಕೂತೆ. ಕೆರೆ ಕೋಡಿ ಬಿದ್ದ ಆ ವರ್ಷ ಪೂರ್ತಿ ನನ್ನ ಮುಂದೆ ಬಂದು ನಿಂತಿತು.

ನನ್ನ ಅಂಗಡಿ ಇರುವುದು ಮುಳಬಾಗಿಲಿನಲ್ಲಿ. ಹಳೇ ಪಂಪು, ಮೋಟರು, ಔಷಧಿ ಹೊಡೆಯುವ ಸ್ಪ್ರೇಯರು ಕೊಂಡು, ರಿಪೇರಿ ಮಾಡಿ ಮಾರುತ್ತೇನೆ. ಬೋರ್‌ವೆಲ್ ಲಾರಿಯಲ್ಲಿ ಪೈಪು ಇಳಿಸುವ ಕೂಲಿಯಾಗಿ ಶುರು ಮಾಡಿದವನು. ನನಗೆ ಬಂಡವಾಳ ಅಂತ ಇದ್ದದ್ದು ಬಾಯಿ ಒಂದೇ. ಯಾವ ವಸ್ತುವಿನ ಬೆಲೆಯನ್ನೂ ಕೇಳಿದಷ್ಟಕ್ಕೆ ಒಪ್ಪಿದವನಲ್ಲ.

ಆ ವರ್ಷದ ಮಳೆಯನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಸಾವಿರ ಅಡಿ ಕೊರೆದರೂ ಧೂಳು ಏಳುವ ಸೀಮೆಯಲ್ಲಿ ಗೋಡೆಗಳು ನೆನೆದು ಬಿದ್ದವು, ಟೊಮೆಟೊ ಗಿಡಗಳು ಬುಡದಲ್ಲೇ ಕೊಳೆತವು. ಜಾಲಿ ಬೆಳೆದು ಕುರಿ ಮೇಯುತ್ತಿದ್ದ ಕೆರೆಯಂಗಳದಲ್ಲಿ ಮೊದಲು ಕೆಂಪು ನೀರು ನಿಂತಿತು, ಆಮೇಲೆ ಅದು ಏರುತ್ತಾ ಹೋಯಿತು. ಜಾಲಿ ಮರಗಳ ತುದಿ ಮಾತ್ರ ಕಾಣಿಸುವ ಹೊತ್ತಿಗೆ ಮುನಿವೆಂಕಟಪ್ಪ ಮಾವ ನನ್ನ ಅಂಗಡಿಗೆ ಬಂದರು.

ಮಾವ ಅಂದರೆ ರಕ್ತ ಸಂಬಂಧವಲ್ಲ. ನಾನು ಪೈಪು ಇಳಿಸುತ್ತಿದ್ದ ದಿನಗಳಲ್ಲಿ ಅವರ ಮನೆಯಲ್ಲಿ ಮುದ್ದೆ ಉಂಡಿದ್ದೆ, ಅಲ್ಲಿಂದ ಅವರು ಮಾವ, ಲಕ್ಷ್ಮಮ್ಮ ಅತ್ತೆ. ಮೊದಲು ಕೆರೆಯಲ್ಲಿ ನೀರಿದ್ದ ಕಾಲದಲ್ಲಿ ಅವರು ಬಿದಿರಿನ ದುಂಡು ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವರು. ನೀರು ಹೋದ ಮೇಲೆ ಹುಣಸೆ ಮರ ಹತ್ತಿ ಕಾಯಿ ಬಡಿದು ಬದುಕಿದರು. ತೆಪ್ಪವನ್ನು ಮಾತ್ರ ಮನೆಯ ಸೂರಿಗೆ ಕಟ್ಟಿಯೇ ಇಟ್ಟಿದ್ದರು.

"ಸೀನಾ, ಕೆರೆ ಮೀನಿನ ಹಕ್ಕು ನಮ್ ಗುಂಪಿಗೇ ಬಂತು ಕಣೋ," ಅಂದರು. ಮುಖದಲ್ಲಿ ಮದುವೆ ಮನೆಯ ಕಳೆ. "ಆದ್ರೆ ಆಚೆ ದಡ ಎಲ್ಲೋ ಐತೆ. ನನ್ ರಟ್ಟೇಲಿ ಅಷ್ಟು ದೂರ ಹುಟ್ಟು ಹಾಕೋ ಶಕ್ತಿ ಇಲ್ಲ."

"ಇಂಜಿನ್ ದೋಣಿ ತರೋಣ ಬಿಡು ಮಾವ," ಅಂದುಬಿಟ್ಟೆ. ದೋಣಿಯನ್ನು ನಾನು ಅಲ್ಲಿಯವರೆಗೆ ಮುಟ್ಟಿಯೂ ಇರಲಿಲ್ಲ. ಇಂಜಿನ್ ಅಂದರೆ ಇಂಜಿನ್ನೇ ತಾನೆ ಅಂದುಕೊಂಡೆ.

ನೆಲ್ಲೂರು ಕಡೆ ಕಡಲ ದಂಡೆಯ ಒಂದು ಹಳ್ಳಿಯಲ್ಲಿ ಸಿಕ್ಕಿತು. ಫೈಬರ್ ದೋಣಿ, ಹಿಂದೆ ನೇತುಹಾಕುವ ಸಣ್ಣ ಇಂಜಿನ್, ಈ ಕೆಂಪು ಟ್ಯಾಂಕು. ಮಾರುತ್ತಿದ್ದವನು ಪೋಲಯ್ಯ ಅನ್ನುವ ಮುದುಕ, ಉಪ್ಪು ನೀರಿಗೆ ಕೈಯೆಲ್ಲ ಬಿರಿದಿತ್ತು. ಇಂಜಿನ್ ತೋರಿಸುವುದಕ್ಕಿಂತ ಹೆಚ್ಚು ಹೊತ್ತು ಅವನು ಟ್ಯಾಂಕು ತೋರಿಸಿದ. "ನೀಳ್ಳು ಪಡವ ಕಿಂದ ಉಂಡಾಲಿ ಗಾನಿ, ಟ್ಯಾಂಕುಲೋ ಉಂಡಗೂಡದು," ಅಂದ. ನೀರು ದೋಣಿಯ ಕೆಳಗಿರಬೇಕು, ಟ್ಯಾಂಕಿನಲ್ಲಿರಬಾರದು ಅಂತ.

ಅವನು ಹೇಳಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಟ್ಯಾಂಕು ಅರ್ಧ ಖಾಲಿ ಇಡಬಾರದು, ರಾತ್ರಿಯ ತಂಪಿಗೆ ಒಳಗಿನ ಗಾಳಿಯೇ ಬೆವರಿ ನೀರಾಗಿ ತಳಕ್ಕಿಳಿಯುತ್ತದೆ. ಪೆಟ್ರೋಲು ಮೇಲೆ ತೇಲುತ್ತದೆ, ನೀರು ತಳದಲ್ಲಿ ಕೂರುತ್ತದೆ, ಇಂಜಿನ್ ಎಳೆದುಕೊಳ್ಳುವುದು ತಳದಿಂದ. ಮುಚ್ಚಳದ ಮೇಲೆ ಗಾಳಿ ಆಡಲು ಒಂದು ಸಣ್ಣ ತಿರುಪು ಇರುತ್ತದೆ, ಇಂಜಿನ್ ಓಡುವಾಗ ಅದನ್ನು ತೆರೆಯಬೇಕು, ನಿಲ್ಲಿಸಿದ ಕ್ಷಣ ಮುಚ್ಚಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ತೇವವನ್ನು ಅದು ಇನ್ನೂ ಬೇಗ ಹೀರುತ್ತದೆ. ದಿನಾ ಬೆಳಗ್ಗೆ ಟ್ಯಾಂಕಿನ ತಳದಿಂದ ಒಂದಿಷ್ಟು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿಯಬೇಕು. ಎರಡು ಪದರ ಕಂಡರೆ ಆ ಟ್ಯಾಂಕು ನಂಬಿ ನೀರಿಗಿಳಿಯಬಾರದು.

ಟ್ಯಾಂಕಿಗೂ ಇಂಜಿನ್‌ಗೂ ನಡುವೆ ಒಂದು ಫಿಲ್ಟರ್ ಇತ್ತು. ಕೆಳಗೆ ಗಾಜಿನ ಬಟ್ಟಲು. ಪೆಟ್ರೋಲಿನ ಜೊತೆ ನೀರು ಬಂದರೆ ಆ ಬಟ್ಟಲಲ್ಲೇ ನಿಲ್ಲುತ್ತದೆ, ಅಡಿಯ ತಿರುಪು ಸಡಿಲಿಸಿ ಚೆಲ್ಲಿದರೆ ಆಯಿತು.

ಪೋಲಯ್ಯ ಬೆಲೆಯಲ್ಲಿ ಬಗ್ಗಲಿಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಕೂತೆ, ಎರಡು ಸಲ ಎದ್ದು ಹೊರಟಂತೆ ಮಾಡಿದೆ. ಕೊನೆಗೆ, "ಆ ಫಿಲ್ಟರ್ ಬಿಚ್ಕೋ, ಅದರ ಬೆಲೆ ಇಳಿಸು," ಅಂದೆ. ನಮ್ಮದು ಕೆರೆ, ಅಲೆ ಇಲ್ಲ, ಉಪ್ಪು ಇಲ್ಲ, ಟ್ಯಾಂಕಿಗೆ ನೀರು ಎಲ್ಲಿಂದ ಬರಬೇಕು ಅನ್ನುವುದು ನನ್ನ ಲೆಕ್ಕ. ಮುದುಕ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಸ್ಪ್ಯಾನರ್ ತೆಗೆದು ಫಿಲ್ಟರ್ ಬಿಚ್ಚಿಕೊಂಡ. ಗೆದ್ದೆ ಅಂದುಕೊಂಡು ಬಂದೆ.

ಹೊಸ ಗಾಡಿ ತಂದವರು ಕುರುಡುಮಲೆ ಗಣಪತಿಗೆ ಹೋಗದೆ ಇರುವುದುಂಟೆ? ಲಾರಿಯ ಮೇಲಿದ್ದ ದೋಣಿಯನ್ನು ಹಾಗೇ ಅಲ್ಲಿಗೆ ಒಯ್ದೆವು. ಅರ್ಚಕರು ಸುತ್ತ ಒಂದು ಪ್ರದಕ್ಷಿಣೆ ಬಂದು, "ನಿಂಬೆಹಣ್ಣು ಎಲ್ಲಿಡ್ಲಪ್ಪಾ? ಇದಕ್ಕೆ ಚಕ್ರಾನೇ ಇಲ್ವಲ್ಲ!" ಅಂದರು.

"ಲಾರಿ ಚಕ್ರಕ್ಕೇ ಇಡಿ ಸ್ವಾಮೀ," ಅಂದರು ಮಾವ. "ನಮ್ ದೋಣಿ ಅದರ ಮೇಲೇ ಕೂತೈತಲ್ಲ!"

ಅವತ್ತು ನಕ್ಕಂತೆ ನಾವು ಆಮೇಲೆ ನಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಎರಡು ತಿಂಗಳು ದಿನಾ ನಕ್ಕೆವು. ಸೂರ್ಯ ಹುಟ್ಟುವ ಹೊತ್ತಿಗೆ ಏರಿಯ ಮೇಲೆ ಸೇರುತ್ತಿದ್ದೆವು. ಮಾವ ಹಳೇ ಔಷಧಿ ಬಾಟಲಿಯಲ್ಲಿ ಪೆಟ್ರೋಲು ತೆಗೆದು ಸೂರ್ಯನಿಗೆ ಹಿಡಿಯುವರು. ಓದು ಬರಹ ಬಾರದ ಮನುಷ್ಯ ಅದನ್ನು ಡಾಕ್ಟರು ರಕ್ತ ನೋಡಿದಂತೆ ನೋಡುವರು. "ಒಂದೇ ಬಣ್ಣ. ನಡಿ," ಅನ್ನುವರು. ಅತ್ತೆಗೂ ಆ ಬಾಟಲಿಯನ್ನು ತೋರಿಸಿ, ಮೇಲೆ ಯಾವುದು ಕೆಳಗೆ ಯಾವುದು ಅಂತ ಪಾಠ ಹೇಳಿದ್ದರು. ಆಕೆ, "ಹಾಲಿಗೆ ನೀರು ಹಾಕಿದ್ನ ಕಂಡುಹಿಡಿಯೋ ಯಂತ್ರ ಮಾಡ್ರಪ್ಪ ಮೊದ್ಲು," ಅಂದಿದ್ದಳು.

ದೋಣಿ ಹತ್ತುವಾಗ ಮಾವ ತಮ್ಮ ತೆಪ್ಪದ ಹುಟ್ಟನ್ನು ತಪ್ಪದೆ ತಂದು ಒಳಗಿಡುವರು. ನಾನು ಕೆಣಕುತ್ತಿದ್ದೆ.

"ಯಾಕ್ ಮಾವ, ನನ್ ಇಂಜಿನ್ ಮೇಲೆ ನಂಬ್ಕೆ ಇಲ್ವಾ?"

"ಇಂಜಿನ್ ನಿಂದು, ಹುಟ್ಟು ನಂದು ಕಣ್ಲಾ. ನಿಂದು ಕೈ ಕೊಟ್ರೆ ನಂದು ಬೇಕಲ್ಲ."

"ಹುಟ್ಟು ಹಾಕೋ ದಿನ ಬಂದ್ರೆ ನಾನು ಅಂಗಡಿ ಮುಚ್ತೀನಿ."

"ಮುಚ್ಚು, ಬಂದು ಬಲೆ ಹೆಣಿ. ಕಲಿಸ್ತೀನಿ."

ಕೆರೆ ಪೂರ್ತಿ ತುಂಬಿ ಕೋಡಿ ಬಿದ್ದಿತು. ಹರಿದ ರಭಸಕ್ಕೆ ಆಚೆ ದಡಕ್ಕೆ ಹೋಗುವ ರಸ್ತೆ ಕೊಚ್ಚಿಹೋಗಿ, ಅಲ್ಲಿದ್ದ ಹತ್ತಾರು ಮನೆಗಳಿಗೆ ಸುತ್ತು ದಾರಿಯೇ ಗತಿಯಾಯಿತು. ಕೆಸರಲ್ಲಿ ಒಂದೂವರೆ ಗಂಟೆಯ ದಾರಿ, ನಮ್ಮ ದೋಣಿಯಲ್ಲಿ ಎಂಟೇ ನಿಮಿಷ.

ಕೋಡಿ ಬಿದ್ದರೆ ನಮ್ಮಲ್ಲಿ ಗಂಗೆಗೆ ದೀಪ ತರುತ್ತಾರೆ. ಒಂದು ಸೋಮವಾರ ಊರ ಹೆಂಗಸರೆಲ್ಲ ತಂಬಿಟ್ಟಿನ ದೀಪ ತಲೆಯ ಮೇಲೆ ಹೊತ್ತು, ತಮಟೆಯ ಹಿಂದೆ ಏರಿಗೆ ಬಂದರು. ಎಳೆಯರು ಹಲವರು ಕೋಡಿಯನ್ನು ಹುಟ್ಟಿದ ಮೇಲೆ ಕಂಡದ್ದೇ ಆ ವರ್ಷ. ಗಂಗೆಯ ಪೂಜೆ ಮುಗಿದ ಮೇಲೆ ಯಾರೋ, "ದೋಣಿಗೂ ಮಾಡ್ರಪ್ಪ, ಅದೂ ಗಂಗಮ್ಮನ ಮಗೂನೇ," ಅಂದರು.

ಅವತ್ತು ಬೆಳಗ್ಗೆ ಬಾಟಲಿ ನೋಡಿಯಾಗಿತ್ತು, ಒಂದೇ ಬಣ್ಣ. ಹಿರಿಯರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು ದೋಣಿಯನ್ನು ದಡಕ್ಕೆ ತಂದು ನಿಲ್ಲಿಸಿದ್ದೆ. ಇಂಜಿನ್ ನಿಲ್ಲಿಸಿದ ಕ್ಷಣ ಮುಚ್ಚಳದ ತಿರುಪು ಮುಚ್ಚಬೇಕಿತ್ತು. ಅಷ್ಟರಲ್ಲಿ ಯಾರೋ ಹೆಗಲಿಗೆ ಶಾಲು ಹಾಕಿದರು. ಇನ್ಯಾರೋ, "ಎಷ್ಟಕ್ಕೆ ತಂದ್ರಿ ಸೀನಣ್ಣ?" ಅಂದರು. ಸರಿ, ನಾನು ನೆಲ್ಲೂರಿನ ಕಥೆ ತೆಗೆದೆ. ಮುದುಕ ಹೇಗೆ ಬಗ್ಗಲಿಲ್ಲ, ಫಿಲ್ಟರ್ ಬಿಚ್ಚಿಸಿ ನಾನು ಹೇಗೆ ಬಗ್ಗಿಸಿದೆ, ಎಲ್ಲ. ನನ್ನ ಬೆನ್ನ ಹಿಂದೆ ಲಕ್ಷ್ಮಮ್ಮತ್ತೆ ಇಂಜಿನ್‌ಗೆ ಕುಂಕುಮ ಇಟ್ಟು, ಟ್ಯಾಂಕಿಗೆ ಸೇವಂತಿಗೆ ಹಾರ ಹಾಕಿ, ಅರಿಶಿನದ ನೀರಿನ ಬಿಂದಿಗೆಯನ್ನು ಎರಡರ ತಲೆಯ ಮೇಲೂ ಸುರಿದಳು. ಕೂಸಿಗೆ ನೀರು ಹಾಕುವಂತೆ ನಿಧಾನಕ್ಕೆ, ಮನಸಾರೆ. ಮಾವ ಕೈ ಮುಗಿದುಕೊಂಡು ನಿಂತಿದ್ದರು.

ಊಟದ ಮೇಲೆ ಮಾವ ಆಚೆ ದಡದ ಮನೆಗಳಿಗೆ ತಂಬಿಟ್ಟು ಕೊಟ್ಟು ಬರುತ್ತೇನೆಂದು ಹೊರಟರು. "ದೋಣೀಲಿ ಬಿಡ್ತೀನಿ ಇರು ಮಾವ," ಅಂದೆ. "ಪೂಜೆ ಆಗೈತೆ, ಹೂವ ಬಾಡೋವರ್ಗೂ ಮುಟ್ಬೇಡ. ನಾನು ತೆಪ್ಪದಾಗೆ ನಿಧಾನಕ್ಕೆ ಹೋಯ್ತೀನಿ," ಅಂದು ಹುಟ್ಟು ಹೆಗಲಿಗಿಟ್ಟುಕೊಂಡು ಹೋದರು. ಅಷ್ಟು ದೂರ ಹುಟ್ಟು ಹಾಕುವ ಶಕ್ತಿ ಇಲ್ಲ ಅಂತ ನನ್ನ ಅಂಗಡಿಗೆ ಬಂದಿದ್ದವರು ಅವರೇ. ಅದು ನನಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಮೂರು ಗಂಟೆಗೆ ಆಚೆ ದಡದಿಂದ ಟೊಮೆಟೊ ತೋಟದ ಚೌಡಪ್ಪ ಫೋನ್ ಮಾಡಿದ.

"ಸೀನಣ್ಣಾ, ತಾತ ಎದೆ ಹಿಡ್ಕೊಂಡು ಕೂತವ್ರೆ. ಮೈಯೆಲ್ಲ ನೀರು ಕಿತ್ಕೊಂಡಂಗೆ ಬೆವರು. ಎಡಗೈ ಎತ್ತಕ್ಕಾಯ್ತಿಲ್ಲ ಅಂತಾರೆ. ದೋಣಿ ತಗೊಂಡ್ ಬಾ, ಬೇಗ!"

ಹಾರ ಕಿತ್ತೆಸೆದು ಹಗ್ಗ ಎಳೆದೆ. ಒಂದೇ ಏಟಿಗೆ ಇಂಜಿನ್ ಹತ್ತಿತು. ತಿರುಪು ತೆರೆದಿದೆಯೇ ಅಂತ ಕೈಯಾಡಿಸಿ ನೋಡಿದೆ, ತೆರೆದೇ ಇತ್ತು, ಒಳ್ಳೆಯದೇ ಆಯಿತು ಅಂದುಕೊಂಡೆ. ಎಂಟು ನಿಮಿಷಕ್ಕೆ ಆಚೆ ದಡ ಮುಟ್ಟಿದೆ. ಮಾವನನ್ನು ಇಬ್ಬರೂ ಎತ್ತಿ ದೋಣಿಯ ನಡುವೆ ಮಲಗಿಸಿದೆವು. ಚೌಡಪ್ಪ ಮುಂದೆ ಕೂತು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. "ಏನಿಲ್ಲ ಕಣ್ಲಾ, ಗ್ಯಾಸು," ಅಂದರು ಮಾವ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ಕೆರೆಯ ನಡುಮಧ್ಯೆ ಇಂಜಿನ್ ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ನಿಂತಿತು.

ಯಾಕೆ ಹೋಗುವಾಗ ಓಡಿ ಬರುವಾಗ ನಿಂತಿತು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಹೋಗುವಾಗ ನಾನೊಬ್ಬನೇ ಹಿಂದೆ ಕೂತಿದ್ದೆ, ದೋಣಿಯ ಮೂತಿ ಮೇಲೆದ್ದು ತಳದ ನೀರು ಟ್ಯಾಂಕಿನ ಹಿಂದಿನ ಮೂಲೆಗೆ ಸರಿದಿತ್ತು. ಬರುವಾಗ ಮುಂದೆ ಭಾರ ಬಿದ್ದು ದೋಣಿ ಮಟ್ಟವಾಯಿತು, ನೀರು ಮುಂದೆ ಸರಿದು ಅಲ್ಲಿದ್ದ ಪೈಪಿನ ಬಾಯಿಗೆ ಬಂತು. ಆ ಗಾಜಿನ ಬಟ್ಟಲು ಇದ್ದಿದ್ದರೆ ಎರಡು ನಿಮಿಷದ ಕೆಲಸ. ನಾನು ಕಾರ್ಬುರೇಟರಿನ ತಿರುಪು ಬಿಚ್ಚಿ ಚೆಲ್ಲಿದೆ, ಹಗ್ಗ ಎಳೆದೆ, ನೂರು ಮಾರು ಓಡಿ ಮತ್ತೆ ನಿಂತಿತು. ಮತ್ತೆ ಚೆಲ್ಲಿದೆ, ಮತ್ತೆ ಎಳೆದೆ. ನಾಲ್ಕನೇ ಸಲಕ್ಕೆ ಬರೀ ಹಗ್ಗ ನನ್ನ ಕೈಗೆ ಬಂತು.

"ಹುಟ್ಟು ಎಲ್ಲಣ್ಣಾ?" ಅಂದ ಚೌಡಪ್ಪ.

ನಾನು ದೋಣಿಯೊಳಗೆ ನೋಡಿದೆ. ಎರಡು ತಿಂಗಳಿಂದ ದಿನವೂ ಅಲ್ಲಿರುತ್ತಿದ್ದ ಹುಟ್ಟು ಅವತ್ತು ಇರಲಿಲ್ಲ. ಮಾವ ಕಣ್ಣು ಬಿಟ್ಟು, "ತೆಪ್ಪದಾಗೇ ಬಿಟ್ನಲ್ಲೋ ಸೀನಾ," ಅಂದರು. ತಪ್ಪು ತಮ್ಮದೇ ಅನ್ನುವ ಧ್ವನಿ. ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಕೂರುವ ಹಲಗೆ ಕಿತ್ತು ಚೌಡಪ್ಪ ನೀರು ತಳ್ಳಿದ, ನಾನು ಇನ್ನೊಂದು ಪಕ್ಕದಲ್ಲಿ ಬರಿಗೈಯಲ್ಲಿ ತಳ್ಳಿದೆ. ಎದುರು ಗಾಳಿ. ಮುಳುಗಿದ ಜಾಲಿಯ ಮುಳ್ಳು ಕೈಗೆ ಹತ್ತಿ ರಕ್ತ ಬಂದದ್ದು ದಡ ಸೇರುವವರೆಗೆ ಗೊತ್ತಾಗಲಿಲ್ಲ. ಏರಿಯ ಮೇಲೆ ಹೆಂಗಸರು ಕಾಣಿಸುತ್ತಿದ್ದರು, ಅವರಲ್ಲಿ ಹಸಿರು ಸೀರೆಯ ಲಕ್ಷ್ಮಮ್ಮತ್ತೆಯೂ. ಕಾಣಿಸುತ್ತಾರೆ, ಹತ್ತಿರವಾಗುವುದಿಲ್ಲ. ಎಂಟು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಮುಳಬಾಗಿಲು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಾಡಿ ಹಿಡಿದು ನೋಡಿ, ನಿಧಾನಕ್ಕೆ ಕೈ ಬಿಟ್ಟರು. ನಾನು ಅವರ ಹಿಂದೆ ವರಾಂಡದುದ್ದಕ್ಕೂ ಹೋದೆ.

"ಮೇಡಂ, ಅರ್ಧ ಗಂಟೆ ಮುಂಚೆ ಬಂದಿದ್ರೆ?"

"ಹೇಳಕ್ಕಾಗಲ್ಲಪ್ಪ."

"ಹೋಗ್ಲಿ, ಇಪ್ಪತ್ತು ನಿಮಿಷ?"

ಅವರು ನಿಂತು ನನ್ನ ಮುಖ ನೋಡಿದರು. "ಕೈಗೆ ಪಟ್ಟಿ ಹಾಕಿಸ್ಕೊಳ್ಳಿ, ರಕ್ತ ಬರ್ತಿದೆ," ಅಂದು ಒಳಗೆ ಹೋದರು.

ಮಾರನೆಯ ದಿನ ಮಣ್ಣು ಮುಗಿಸಿ ಬಂದ ಮೇಲೆ ಮಾವನ ಹಿತ್ತಲ ಶೆಡ್ಡಿಗೆ ಹೋಗಿ, ಯಾರೋ ತಂದಿಟ್ಟಿದ್ದ ಟ್ಯಾಂಕಿನ ತಳದಿಂದ ಮಾವನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿದೆ. ಎರಡು ಪದರ. ಮಳೆಯದೋ ತಂಪಿಗೆ ಬೆವರಿದ್ದೋ ನೀರಾಗಿದ್ದರೆ ಕೆಳಗಿನದು ತಿಳಿಯಾಗಿರಬೇಕಿತ್ತು. ಅದು ಹಳದಿಯಾಗಿ ಕದಡಿತ್ತು, ತಳದಲ್ಲಿ ಅರಿಶಿನ ಸಣ್ಣಗೆ ಕೂತಿತ್ತು. ಮುಚ್ಚಳದ ಮೇಲ್ಭಾಗ ತಟ್ಟೆಯಂತೆ ಗುಳಿ. ಸುರಿದ ನೀರು ಅಲ್ಲಿ ನಿಂತು, ತೆರೆದ ತಿರುಪಿನಿಂದ ಒಳಗಿಳಿದಿತ್ತು.

ಬಾಟಲಿ ಅಲ್ಲೇ ಇಟ್ಟು ಹೊರಗೆ ಬಂದೆ. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ, ಜನರೆಲ್ಲ ಕೂತಿದ್ದಾಗ, ಅತ್ತೆ ನನ್ನನ್ನು ಕರೆದಳು.

"ಸೀನಾ, ಇಂಜಿನ್ ಯಾಕೆ ನಿಂತೋಯ್ತು?"

ಬಿಂದಿಗೆ ಹಿಡಿದಿದ್ದ ಆ ಎರಡು ಕೈಗಳು ಬಳೆ ಕಳೆದುಕೊಂಡು ಮಡಿಲಲ್ಲಿ ಬಿದ್ದಿದ್ದವು.

"ಫಿಲ್ಟರ್ ಹಾಕಿಸಿರ್ಲಿಲ್ಲ ಅತ್ತೆ. ದುಡ್ಡಿನ ಆಸೆಗೆ ಬಿಚ್ಚಿಸ್ಬಿಟ್ಟಿದ್ದೆ. ರಾತ್ರಿ ತಂಪಿಗೆ ಟ್ಯಾಂಕಲ್ಲಿ ನೀರು ಕಟ್ಕೊಂಡಿತ್ತು. ನಂದೇ ತಪ್ಪು."

ಅವರ ಮಗಳು ಮಂಜುಳ ಶ್ರೀನಿವಾಸಪುರಕ್ಕೆ ಕೊಟ್ಟವಳು, ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಸುಡುವಂತೆ ನೋಡಿ ಒಳಗೆ ಹೋದಳು. ಅತ್ತೆ, "ಉಂಡ್ಕೊಂಡು ಹೋಗು," ಅಂದಳು.

ದೋಣಿ ಮತ್ತೆ ನೀರಿಗಿಳಿಯಲಿಲ್ಲ. ದೋಣಿ, ಇಂಜಿನ್ ಎರಡನ್ನೂ ಗುಂಪಿನವರು ಮಾರಿದರು, ಬೆಲೆ ಮಾತಾಡಲು ನಾನು ಹೋಗಲಿಲ್ಲ. ಮಾವನ ಹನ್ನೊಂದನೇ ದಿನ ಶೆಡ್ಡಿಗೆ ಹೋದಾಗ ಆ ಬಾಟಲಿ ತೊಳೆದು ಬೋರಲು ಹಾಕಿತ್ತು. ಸೂತಕ ಕಳೆಯಲು ಮನೆಯೆಲ್ಲ ತೊಳೆದಿದ್ದರು, ಅದರಲ್ಲಿ ಇದೂ ಸೇರಿರಬೇಕು ಅಂದುಕೊಂಡೆ. ವರ್ಷ ವರ್ಷವೂ ಮಾವನ ತಿಥಿಗೆ ಹೋದೆ. ಅತ್ತೆ ಪ್ರತಿ ಸಲ ಉಂಡ್ಕೊಂಡು ಹೋಗು ಅಂದಳು. ನಾವಿಬ್ಬರೂ ಆ ಮಾತು ಮತ್ತೆ ತೆಗೆಯಲಿಲ್ಲ. ಆಕೆ ಇರುವವರೆಗೆ ಇದನ್ನು ನಾನು ಯಾರಿಗೂ ಹೇಳಲೂ ಇಲ್ಲ. ಈಗ ಬರೆಯಬಹುದು ಅನ್ನಿಸಿದ್ದಕ್ಕೆ ಕಾರಣ ಮಂಜುಳ.

ಹೋದ ತಿಂಗಳು ನಾನು ಆ ಕಲ್ಲಿನ ಮೇಲೆ ಕೂತಿದ್ದಾಗ ಅವಳು ಎಲೆ ಅಡಿಕೆ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು.

"ಆ ಬಾಟ್ಲಿ ತೊಳೆದಿದ್ದು ಅಮ್ಮನೇ ಸೀನಣ್ಣ," ಅಂದಳು. ನಾನು ಏನೂ ಕೇಳಿರಲಿಲ್ಲ. "ಅಪ್ಪ ಹೇಳ್ಕೊಟ್ಟಿದ್ರಲ್ಲ, ಮೇಲೆ ಯಾವ್ದು ಕೆಳಗೆ ಯಾವ್ದು ಅಂತ. ನೀವು ಮೂರನೇ ದಿನ ಆ ಮಾತು ಹೇಳೋಕೆ ಮುಂಚೇನೇ ನೋಡ್ಬಿಟ್ಟಿದ್ಲು. ಅರಿಶಿನ ಇತ್ತಂತೆ."

ಅವಳು ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು.

"ಹುಷಾರು ತಪ್ಪಿ ಮಲಗಿದ್ದಾಗ ನನಗೆ ಹೇಳಿದ್ಲು. 'ಎಲ್ಲದಕ್ಕೂ ಚೌಕಾಸಿ ಮಾಡೋ ಮನ್ಸ ಕಣೇ ಅವ್ನು. ನನ್ ತಪ್ಪು ಒಂದನ್ನ ಮಾತ್ರ ಬೆಲೆ ಕೇಳದೆ ಹೊತ್ಕೊಂಡೋದ' ಅಂತ."

"ಅವಳದಲ್ಲಮ್ಮ ತಪ್ಪು," ಅಂದೆ. "ಈ ತಿರುಪು ಮುಚ್ಚಿದ್ರೆ ಒಂದು ತೊಟ್ಟು ಇಳೀತಿರ್ಲಿಲ್ಲ. ಮುಚ್ಚಬೇಕಾದವನು ನಾನು. ಅದನ್ನ ಅವಳಿಗೆ ಯಾರೂ ಹೇಳಿಲ್ವಾ?"

ಮಂಜುಳ ನನ್ನನ್ನೇ ನೋಡಿದಳು. "ತಿರುಪಾ? ಯಾವ ತಿರುಪು?"

ಇಷ್ಟು ವರ್ಷ ಆಕೆಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಬಿಟ್ಟು ಆ ತಿರುಪಿನ ಮಾತು ಹೇಳಿದ್ದರೆ ಆಕೆಯ ತಲೆಯಿಂದ ಆ ಬಿಂದಿಗೆ ಇಳಿಯುತ್ತಿತ್ತು. ಹೊತ್ತುಕೊಂಡೇ ಹೋದಳು.

ಮಂಜುಳಳಿಗೆ ತೋರಿಸೋಣ ಅಂತ ಟ್ಯಾಂಕನ್ನು ಬೆಳಕಿಗೆ ಎಳೆದೆ. ಮುಚ್ಚಳದ ಗುಳಿಯಲ್ಲಿ ಧೂಳು ಕೂತಿತ್ತು. ತಿರುಪು ಅವತ್ತು ನಾನು ಬಿಟ್ಟಂತೆಯೇ ತೆರೆದಿತ್ತು. ಎರಡು ಬೆರಳಲ್ಲಿ ಹಿಡಿದು ತಿರುಗಿಸಲು ನೋಡಿದೆ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅಲುಗಲಿಲ್ಲ.